ಕಣ್ಣು ಮುಚ್ಚಿ ಎತ್ತಿ ನೋಡಿದೆ: ಎರಡು ಪಿಸ್ತೂಲುಗಳಲ್ಲಿ ಒಂದನ್ನು ಆರಿಸಿಕೊಂಡ ನನ್ನ ಅನುಭವ

ನಾಲ್ಕು ವರ್ಷ ಕ್ಲಬ್ಬಿನ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿದ ಮೇಲೆ ನನ್ನದೇ ಒಂದು ಬೇಕೆನಿಸಿತು. ಸೋಸಿ ಸೋಸಿ ಕೊನೆಗೆ ಎರಡು ಉಳಿದವು: ಜರ್ಮನಿಯ ವಾಲ್ಥರ್ ಜಿಎಸ್‌ಪಿ, ಇಟಲಿಯ ಪಾರ್ದಿನಿ ಎಸ್‌ಪಿ. ಎರಡೂ ಪಾಯಿಂಟ್ 22ರ (0.22 ಇಂಚಿನ ಗುಂಡಿನ) ಸೆಮಿ ಆಟೋಮ್ಯಾಟಿಕ್, ಅಂದರೆ ಒಂದು ಗುಂಡು ಹಾರಿದ ಮೇಲೆ ಮುಂದಿನ ತೋಟಾ ತಾನಾಗಿ ಬಂದು ಕೂರುತ್ತದೆ. ಎರಡರಲ್ಲೂ ಐದು ತೋಟಾದ ಮ್ಯಾಗಝಿನ್ ಹಿಡಿಯೊಳಗೆ ಹೋಗುವುದಿಲ್ಲ, ಟ್ರಿಗರಿನ ಮುಂದೆ ಕೂರುತ್ತದೆ. ಹಾಗಾಗಿ ತೂಕ ಮುಂದಕ್ಕೆ ಬಂದು ನಳಿಗೆ ನೆಮ್ಮದಿಯಾಗಿ ನಿಲ್ಲುತ್ತದೆ, ಹಿಡಿಯ ಮರವನ್ನು ಕೈಗೆ ತಕ್ಕಂತೆ ಕೆತ್ತಿಸಿಕೊಳ್ಳಲೂ ಜಾಗ ಸಿಗುತ್ತದೆ. ಎರಡೂ ನನಗೆ ಮೂರು ಮೂರು ವಾರ ಅಭ್ಯಾಸಕ್ಕೆ ಸಿಕ್ಕವು. ಅದು ನನ್ನ ಭಾಗ್ಯ. ರೇಂಜಿನಲ್ಲಿ ನಿಂತು ಹತ್ತು ನಿಮಿಷ ಹಿಡಿದು ನೋಡಿ ಆರಿಸಿದ್ದರೆ ಬೇರೆಯದನ್ನೇ ಕೊಂಡಿರುತ್ತಿದ್ದೆ.

ನನ್ನದು ಮಹಿಳೆಯರ 25 ಮೀಟರ್ ಪಿಸ್ತೂಲ್. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಸೇರಿದ ಸ್ಪರ್ಧೆ ಇದು. ಒಟ್ಟು 60 ಗುಂಡು. ಮೊದಲ 30 ನಿಧಾನದ್ದು, ಅಂದರೆ ಪ್ರಿಸಿಷನ್. ಐದು ಗುಂಡಿಗೆ ಐದು ನಿಮಿಷ. ಉಳಿದ 30 ರಾಪಿಡ್. ಕೈಯನ್ನು 45 ಡಿಗ್ರಿ ಕೆಳಗೆ ಇಳಿಸಿ ನಿಂತಿರಬೇಕು, ಹಸಿರು ದೀಪ ಬಂದಾಗ ಎತ್ತಿ ಒಂದೇ ಗುಂಡು ಹಾರಿಸಬೇಕು. ಅದಕ್ಕೆ ಮೂರೇ ಸೆಕೆಂಡು. ಆಮೇಲೆ ಏಳು ಸೆಕೆಂಡು ಕೆಂಪು ದೀಪ, ಮತ್ತೆ ಹಸಿರು.

ಆಯ್ಕೆಯ ವಿಷಯದಲ್ಲಿ ನಾನು ಮೊದಲು ಎಡವಿದ್ದು ಇಲ್ಲೇ. ಯಾರನ್ನು ಕೇಳಿದರೂ ಒದೆತದ ಮಾತೇ ಬರುತ್ತಿತ್ತು. ಯಾವುದು ಕಡಿಮೆ ಒದೆಯುತ್ತದೆ, ಯಾವುದರ ಮೂತಿ ಬೇಗ ಕೆಳಗಿಳಿಯುತ್ತದೆ ಅಂತ. ನಾನೂ ಒಂದು ವಾರ ಅದನ್ನೇ ಬರೆದಿಟ್ಟುಕೊಂಡೆ. ಹತ್ತು ಸೆಕೆಂಡಿನಲ್ಲಿ ಐದು ಗುಂಡು ಹಾರಿಸುವ ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಯವರಿಗೆ ಅದು ದೊಡ್ಡ ವಿಷಯವೇ. ನನ್ನ ಸ್ಪರ್ಧೆಯಲ್ಲಿ ಪ್ರತಿ ಗುಂಡು ಹಾರಿದ ಮೇಲೂ ಕೈ ಕೆಳಗಿಳಿಯುತ್ತದೆ. ಒದ್ದ ಮೇಲೆ ಪಿಸ್ತೂಲು ಎಲ್ಲಿಗೆ ಮರಳುತ್ತದೆ ಅನ್ನುವುದಕ್ಕಿಂತ, ಕೆಳಗಿನಿಂದ ಎತ್ತಿದಾಗ ಎಲ್ಲಿ ಬಂದು ನಿಲ್ಲುತ್ತದೆ ಅನ್ನುವುದೇ ನನಗೆ ಮುಖ್ಯ. ಇದು ಹೊಳೆದ ದಿನ ಒದೆತದ ಪಟ್ಟಿಯನ್ನು ಪಕ್ಕಕ್ಕಿಟ್ಟೆ.

ಮೊದಲ ಎರಡು ವಾರದ ಅಂಕ, ಪ್ರತಿ ಹಂತಕ್ಕೂ 300ಕ್ಕೆ, ಹೀಗಿತ್ತು: ಪ್ರಿಸಿಷನ್‌ನಲ್ಲಿ ಜಿಎಸ್‌ಪಿಗೆ ಸರಾಸರಿ 285, ಪಾರ್ದಿನಿಗೆ 283. ರಾಪಿಡ್‌ನಲ್ಲಿ ಜಿಎಸ್‌ಪಿಗೆ 274, ಪಾರ್ದಿನಿಗೆ 281. ಕಾಗದದ ಮೇಲೆ ತೀರ್ಮಾನ ಆಗಿಹೋದಂತೆ ಕಂಡಿತು. ಪುಸ್ತಕ ತೆಗೆದುಕೊಂಡು ಹೋಗಿ ಕೋಚ್‌ಗೆ ತೋರಿಸಿದೆ. ಅವರು ಅಂಕ ನೋಡಲೇ ಇಲ್ಲ.

"ತೂತು ಎಣಿಸಿ ಆರಿಸ್ಬೇಡಮ್ಮಾ. ಕಣ್ಣು ಮುಚ್ಕೊಂಡು ಎತ್ತು. ಬಿಟ್ಟಾಗ ಸೈಟ್ ಎಲ್ಲಿದೆ ಅಂತ ಬರ್ಕೊ. ಎರಡರಲ್ಲೂ ಇಪ್ಪತ್ತಿಪ್ಪತ್ತು ಸಲ."

"ಸರ್, ಅಂಕ ಇಷ್ಟು ಸ್ಪಷ್ಟ ಇದೆಯಲ್ಲಾ?"

"ಅಂಕ ನಿಂದು. ಪಿಸ್ತೂಲಿಂದು ಎಷ್ಟು ಅಂತ ಆಮೇಲೆ ಗೊತ್ತಾಗುತ್ತೆ."

ಸೈಟ್ ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರುತು: ಹಿಂದೆ ಒಂದು ಕಚ್ಚು, ಮುಂದೆ ಒಂದು ಕಡ್ಡಿ, ಕಡ್ಡಿ ಕಚ್ಚಿನ ನಡುವೆ ಕಾಣಬೇಕು. ಯಾಕೆ ಅದಕ್ಕೆ ಇಷ್ಟು ಬೆಲೆ ಅಂತ ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಪಿಸ್ತೂಲುಗಳಲ್ಲಿ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಹೆಚ್ಚೆಂದರೆ 220 ಮಿಲಿಮೀಟರ್ ಇರಬಹುದು, ನಿಯಮ ಅಷ್ಟೇ ಬಿಡುವುದು. ಗುರಿ 25 ಮೀಟರ್ ದೂರ. ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನಲ್ಲಿ ಕಾಲು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು 28 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಪ್ರಿಸಿಷನ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 50 ಮಿಲಿಮೀಟರ್, ಅಂದರೆ ನಡುವಿನಿಂದ ಅಂಚಿಗೆ 25. ಕಾಲು ಮಿಲಿಮೀಟರ್ ತಪ್ಪಿಗೆ ಹತ್ತು ಕೈಬಿಡುವ ಹಾಗಾಯಿತು. ಅದೇ ಸೈಟುಗಳು ಸರಿಯಾಗಿ ಕೂತಿದ್ದು ಇಡೀ ಕೈ ಒಂದು ಸೆಂಟಿಮೀಟರ್ ಅಲುಗಾಡಿದರೆ ಗುಂಡೂ ಒಂದು ಸೆಂಟಿಮೀಟರ್ ಅಷ್ಟೇ ಸರಿಯುತ್ತದೆ. ರಾಪಿಡ್ ಗುರಿಯ ಹತ್ತು 100 ಮಿಲಿಮೀಟರ್ ಅಗಲ ಇದೆ ನಿಜ. ಆದರೆ ಅಲ್ಲಿ ಸೈಟನ್ನು ತಿದ್ದಲು ಸಮಯವೇ ಇಲ್ಲ. ಎತ್ತುವಾಗಲೇ ಟ್ರಿಗರಿನ ಮೊದಲ ಹಂತ, ಅಂದರೆ ಗುಂಡು ಹಾರಿಸುವ ಎರಡನೇ ಹಂತಕ್ಕೆ ಮುಂಚಿನ ಎಳೆತ, ತೆಗೆದುಕೊಂಡಾಗಿರಬೇಕು, ಕೈ ನಿಂತಾಗ ಸೈಟು ಕಚ್ಚಿನಲ್ಲಿ ತಾನಾಗಿ ಇರಬೇಕು.

ಬಿಳಿ ಗೋಡೆಯ ಮುಂದೆ ನಿಂತೆ. ಮ್ಯಾಗಝಿನ್ ಹೊರಗೆ, ಚೇಂಬರ್ (ನಳಿಗೆಯ ಹಿಂದೆ ತೋಟಾ ಕೂರುವ ಜಾಗ) ಎರಡು ಸಲ ನೋಡಿ ಕಿತ್ತಳೆ ಬಣ್ಣದ ಸೇಫ್ಟಿ ದಾರ ತೂರಿಸಿದ್ದೆ, ಬೆರಳು ಟ್ರಿಗರಿನಿಂದ ಹೊರಗೆ. ಖಾಲಿ ಅಂತ ಎಷ್ಟೇ ಗೊತ್ತಿದ್ದರೂ ಇದರಲ್ಲಿ ರಿಯಾಯಿತಿ ಇಲ್ಲ. ಕಣ್ಣು ಮುಚ್ಚಿ ಎತ್ತಿದೆ, ಬಿಟ್ಟೆ, ಬರೆದೆ.

ಜಿಎಸ್‌ಪಿಯಲ್ಲಿ ಮುಂದಿನ ಸೈಟು ಒಮ್ಮೆ ಮೇಲೆ, ಒಮ್ಮೆ ಬಲಕ್ಕೆ, ಇನ್ನೊಮ್ಮೆ ಕಚ್ಚಿನೊಳಗೇ ಮುಳುಗಿತ್ತು. ಇಪ್ಪತ್ತರಲ್ಲಿ ಸರಿಯಾಗಿ ಕೂತದ್ದು ಆರು ಸಲ. ಪಾರ್ದಿನಿಯಲ್ಲಿ ಸರಿಯಾಗಿ ಕೂತದ್ದು ನಾಲ್ಕೇ ಸಲ! ನನಗೆ ಗಾಬರಿಯಾಯಿತು. ಆಮೇಲೆ ಬರೆದದ್ದನ್ನು ಓದಿದರೆ, ಉಳಿದ ಹದಿನಾರರಲ್ಲಿ ಹದಿನಾಲ್ಕು ಸಲ ಸೈಟು ಎಡಕ್ಕೆ, ಹೆಚ್ಚುಕಡಿಮೆ ಅಷ್ಟೇ ಎಡಕ್ಕೆ. ಒಂದೇ ಕಡೆಗೆ ಒಂದೇ ಅಳತೆಯಲ್ಲಿ ತಪ್ಪುತ್ತಿದೆ ಅಂದರೆ ತಪ್ಪು ಹಿಡಿಯ ಮರದಲ್ಲಿದೆ, ಮರವನ್ನು ತಿದ್ದಬಹುದು. ದಿಕ್ಕಿಲ್ಲದೆ ತಪ್ಪಿದರೆ ಯಾವುದನ್ನು ಅಂತ ತಿದ್ದುವುದು?

ಇಷ್ಟಕ್ಕೇ ಜಿಎಸ್‌ಪಿಯನ್ನು ಬಿಟ್ಟುಬಿಡಲು ಮನಸ್ಸು ಒಪ್ಪಲಿಲ್ಲ. ಅದರ ಹಿಡಿಯನ್ನು ನನಗಿಂತ ದೊಡ್ಡ ಕೈಯವರು ಕೆತ್ತಿಸಿಕೊಂಡಿದ್ದರು. ನಾನು ಹಿಡಿದಾಗ ಕಿರುಬೆರಳಿನ ಕೆಳಗೆ ಪೆನ್ಸಿಲ್ ತೂರುವಷ್ಟು ಸಂದು. ಒಪ್ಪಿಗೆ ಕೇಳಿ ಆ ಸಂದಿಗೆ ಪುಟ್ಟಿ ತುಂಬಿದೆ. ಒಣಗಿದ ಮೇಲೆ ಮತ್ತೆ ಇಪ್ಪತ್ತು ಸಲ ಎತ್ತಿದೆ. ಆರು ಇದ್ದದ್ದು ಹನ್ನೊಂದಾಯಿತು, ರಾಪಿಡ್ ಅಂಕವೂ 278ಕ್ಕೆ ಏರಿತು. ಎರಡನೇ ವಾರವೇ ತೀರ್ಮಾನ ಮಾಡಿದ್ದರೆ ಆ ಪಿಸ್ತೂಲಿಗೆ ಅನ್ಯಾಯ ಮಾಡಿದಂತಾಗುತ್ತಿತ್ತು. ಬೇರೆಯವರ ಹಿಡಿಯಲ್ಲಿ ಹಾರಿಸಿ ಪಿಸ್ತೂಲನ್ನು ಅಳೆಯುವುದು ಬೇರೆಯವರ ಕನ್ನಡಕ ಹಾಕಿಕೊಂಡು ಓದಿದ ಹಾಗೆ. ಪಾರ್ದಿನಿಗೂ ಅದೇ ನ್ಯಾಯ: ಅಂಗೈಯ ಬುಡ ಒತ್ತುವ ಜಾಗಕ್ಕೆ ತೆಳ್ಳಗೆ ಪುಟ್ಟಿ ಹಚ್ಚಿದೆ, ಮೂತಿ ಬಲಕ್ಕೆ ತಿರುಗಿತು. ಇಪ್ಪತ್ತರಲ್ಲಿ ಹದಿನೇಳು.

ಟ್ರಿಗರಿನ ವಿಷಯದಲ್ಲಿ ಜಿಎಸ್‌ಪಿಯೇ ನನಗೆ ಹೆಚ್ಚು ಇಷ್ಟ, ಇದನ್ನು ಹೇಳಲೇಬೇಕು. ಇಡೀ ಟ್ರಿಗರ್ ಭಾಗವನ್ನು ಒಂದು ಡಬ್ಬಿಯಂತೆ ಕಳಚಿ ತೆಗೆಯಬಹುದು, ಒರೆಸಿ ಮತ್ತೆ ಕೂರಿಸಬಹುದು. ಎರಡನೇ ಹಂತ ಗಾಜಿನ ಕಡ್ಡಿ ಮುರಿದಂತೆ ಬಿಡುತ್ತದೆ. ಪ್ರಿಸಿಷನ್‌ನಲ್ಲಿ ಆ ಎರಡು ಅಂಕ ಅಲ್ಲಿಂದಲೇ ಬಂದವು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಸ್ಪರ್ಧೆಗೆ ಟ್ರಿಗರ್ ಎಳೆಯಲು ಬೇಕಾದ ಭಾರ ಕನಿಷ್ಠ 1000 ಗ್ರಾಂ ಇರಬೇಕು. ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು ತೂಕದ ಬಟ್ಟನ್ನು ಟ್ರಿಗರಿಗೆ ತೂಗಿಸಿ ಪರೀಕ್ಷಿಸುತ್ತಾರೆ. ನಾನು ಎರಡನ್ನೂ 1040ಕ್ಕೆ ಇಟ್ಟುಕೊಂಡಿದ್ದೆ. ಸರಿಯಾಗಿ 1000ಕ್ಕೆ ಇಟ್ಟರೆ ಸ್ಪರ್ಧೆಯ ದಿನ ಎದೆ ಡವಡವ.

ನಡುವೆ ಒಂದು ದಿನ ಎರಡೂ ಪಿಸ್ತೂಲು ಕೈಕೊಟ್ಟವು. ಹಾರಿದ ತೋಟಾದ ಖಾಲಿ ಕೇಸು ಪೂರ್ತಿ ಹೊರಬೀಳದೆ ಬೋಲ್ಟಿನ (ಚೇಂಬರನ್ನು ಹಿಂದಿನಿಂದ ಮುಚ್ಚುವ ಲೋಹದ ತುಂಡಿನ) ಬಾಯಲ್ಲಿ ಸಿಕ್ಕಿ ನಿಂತಿತು, ಹೊಗೆಗೂಡಿನ ಹಾಗೆ. ಒಂದರಲ್ಲಿ ಮೂರು ಸಲ, ಇನ್ನೊಂದರಲ್ಲಿ ಎರಡು ಸಲ. ತಪ್ಪು ನನ್ನದು: 600 ಗುಂಡು ಹಾರಿಸಿದ ಮೇಲೂ ಚೇಂಬರ್ ಒರೆಸಿರಲಿಲ್ಲ. ಈ ಪಿಸ್ತೂಲುಗಳಲ್ಲಿ ಬೋಲ್ಟಿಗೆ ಬೀಗ ಇರುವುದಿಲ್ಲ. ಕೇಸೇ ಅದನ್ನು ಹಿಂದಕ್ಕೆ ತಳ್ಳುತ್ತದೆ, ತಡೆಯುವುದು ಬೋಲ್ಟಿನ ತೂಕ ಮತ್ತು ಸ್ಪ್ರಿಂಗು. ಗುಂಡಿಗೆ ಹಚ್ಚಿದ ಮೇಣ, ಸೀಸ, ಮಸಿ ಎಲ್ಲ ಸೇರಿ ಚೇಂಬರಿನಲ್ಲಿ ಗಟ್ಟಿಯಾದರೆ ಕೇಸು ಅಂಟಿಕೊಳ್ಳುತ್ತದೆ, ಬೋಲ್ಟು ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ತೋಟಾ ತೀರಾ ಮೆತ್ತಗಿದ್ದರೂ ಹೀಗೇ ಆಗುತ್ತದೆ. ಆ ದಿನದಿಂದ ಪ್ರತಿ ಅಭ್ಯಾಸದ ನಂತರ ಒರೆಸುತ್ತೇನೆ. ಖಾಲಿ ಟ್ರಿಗರ್ ಅಭ್ಯಾಸಕ್ಕೆ ಚೇಂಬರಿನಲ್ಲಿ ಪ್ಲಾಸ್ಟಿಕ್ ತುಂಡು ಇಟ್ಟುಕೊಳ್ಳುತ್ತೇನೆ. ಪಾಯಿಂಟ್ 22ರಲ್ಲಿ ಫೈರಿಂಗ್ ಪಿನ್ ತೋಟಾದ ಅಂಚಿಗೆ ಬಡಿಯುವುದು. ತೋಟಾ ಇಲ್ಲದಿದ್ದರೆ ಚೇಂಬರಿನ ಬಾಯಿಗೇ ಬಡಿದು ಅಲ್ಲಿ ಮುಳ್ಳೆದ್ದೀತು.

ಕೊನೆಯ ವಾರ ಎರಡರಲ್ಲೂ ಪೂರ್ತಿ 60 ಗುಂಡಿನ ಪಂದ್ಯವನ್ನು ಮೂರು ಮೂರು ಸಲ ಆಡಿದೆ. ಜಿಎಸ್‌ಪಿಯಲ್ಲಿ ಒಟ್ಟು 562, 566, 559. ಪಾರ್ದಿನಿಯಲ್ಲಿ 567, 568, 566. ಜಿಎಸ್‌ಪಿಯ ಒಳ್ಳೆಯ ದಿನವೂ ಪಾರ್ದಿನಿಯ ಸಾಧಾರಣ ದಿನವೂ ಒಂದೇ. ಆಯಾಸವಾದ ಕೊನೆಯ ಸರಣಿಯಲ್ಲೂ ಪಾರ್ದಿನಿಯ ಸೈಟು ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಪಾರ್ದಿನಿಯನ್ನೇ ತೆಗೆದುಕೊಂಡೆ. ಜಿಎಸ್‌ಪಿಯ ಹಿಡಿಗೆ ತುಂಬಿದ್ದ ಪುಟ್ಟಿಯನ್ನು ಕೆರೆದು ತೆಗೆದು, ಮರಕ್ಕೆ ಎಣ್ಣೆ ಸವರಿ, ದಾರ ತೂರಿಸಿ ವಾಪಸ್ ಕೊಟ್ಟೆ. ಕೊಡುವ ಮುಂಚೆ ಆ ಟ್ರಿಗರನ್ನು ಇನ್ನೊಂದು ಸಲ ಒತ್ತಿ ನೋಡಿದೆ.