ನಲ್ಲಿ ಐತೆ, ನೀರಿಲ್ಲ

ಮೊದಲ ಸಲ ಗೆದ್ದಾಗ, ಶಾಸಕ ಅಂದರೆ ಸದನದಲ್ಲಿ ಗುಡುಗುವವನು ಎಂದುಕೊಂಡಿದ್ದೆ. 224 ಜನರ ವಿಧಾನಸಭೆಯಲ್ಲಿ ಹಿಂದಿನ ಸಾಲಿನ ಹೊಸಬನಿಗೆ ಮೈಕ್ ಸಿಗುವುದೇ ಕಷ್ಟ ಅಂತ ಬೇಗ ಗೊತ್ತಾಯಿತು. ಶೂನ್ಯವೇಳೆಯಲ್ಲಿ ಕೈ ಎತ್ತಿ ಎತ್ತಿ ಸಾಕಾಗಿ, ಶಾಸಕರ ಭವನದ ರೂಮಿಗೆ ಬಂದು ಸುಮ್ನೆ ಕೂರುತ್ತಿದ್ದೆ.

ಊರಲ್ಲಿದ್ದರೆ ದಿನವೇ ಬೇರೆ. ಬೆಳಗ್ಗೆ ಆರಕ್ಕೇ ಮನೆ ಮುಂದೆ ಜನ. ಪಿಂಚಣಿ ನಿಂತಿದೆ, ಕರೆಂಟಿನ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟಿದೆ, ಮಗನಿಗೆ ಹಾಸ್ಟೆಲ್ ಸೀಟು ಬೇಕು, ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿ ಅಂತ ಕೊಟ್ಟ ಬಗರ್‌ಹುಕುಂ ಅರ್ಜಿ ಏನಾಯ್ತು? ಆಮೇಲೆ ಮದುವೆ, ಗೃಹಪ್ರವೇಶ, ತಿಥಿ. ಮದುವೆಗೆ ಹೋಗದಿದ್ದರೆ ಮುನಿಸು ನಾಲ್ಕು ದಿನ, ಸಾವಿಗೆ ಹೋಗದಿದ್ದರೆ ಮುಂದಿನ ಚುನಾವಣೆವರೆಗೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಹಳ್ಳಿಗಳ ಲೆಕ್ಕಕ್ಕೆ ಹಂಚಿ ನೋಡಿದರೆ ಊರಿಗೊಂದು ಚರಂಡಿ ಆದರೆ ಹೆಚ್ಚು.

ಒಂದು ದಿನ ಒಬ್ಬ ಅಜ್ಜಿ ಕಾರು ನಿಲ್ಲಿಸಿ ಮನೆ ಮುಂದಿನ ನಲ್ಲಿ ತೋರಿಸಿತು. "ನಲ್ಲಿ ಐತೆ ಕಣಪ್ಪ, ನೀರಿಲ್ಲ." ಹಾಕಿ ವರ್ಷವಾಗಿತ್ತಂತೆ.

ಅಧಿವೇಶನಕ್ಕೆ ಪ್ರಶ್ನೆ ಕಳಿಸಿದೆ. ಮನೆ ಮನೆಗೆ ನಲ್ಲಿ ಹಾಕುವ ಕಾಮಗಾರಿ ಸರಿಯಾಗಿ ಆಗದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ಕೈಗೊಂಡ ಕ್ರಮವೇನು? ಉತ್ತರ ಬಂತು. ಮೊದಲನೆಯದಕ್ಕೆ "ಇಲ್ಲ". ಎರಡನೆಯದಕ್ಕೆ "ಉದ್ಭವಿಸುವುದಿಲ್ಲ". ಎರಡು ಪದದಲ್ಲಿ ನನ್ನ ಕಥೆ ಮುಗಿದಿತ್ತು.

ಆಗ ದಾರಿ ತೋರಿಸಿದವರು ಸಚಿವಾಲಯದಲ್ಲಿ ಗುಮಾಸ್ತರಾಗಿ ನಿವೃತ್ತರಾದ ಒಬ್ಬರು. "ಸರ್, ನೀವು ದೂರು ಬರೆದಿದ್ದೀರಿ, ಪ್ರಶ್ನೆ ಬರೆದಿಲ್ಲ. ಇಲ್ಲ ಅನ್ನೋಕೆ ಆಗದ ಹಾಗೆ ಕೇಳಿ" ಎಂದರು. ಇಬ್ಬರೂ ಕೂತು ತಿದ್ದಿದೆವು. ನನ್ನ ಕ್ಷೇತ್ರದ ಯಾವ ಯಾವ ಹಳ್ಳಿಯಲ್ಲಿ ಕೆಲಸ ಮುಗಿದಿದೆ? ನೀರಿನ ಮೂಲ ಯಾವ ಬೋರ್‌ವೆಲ್, ಅದರಲ್ಲೀಗ ನೀರೆಷ್ಟು? ಪ್ರಾಯೋಗಿಕವಾಗಿ ನೀರು ಬಿಟ್ಟ ತಾರೀಕು ಯಾವುದು? ಪಂಚಾಯ್ತಿಗೆ ಹಸ್ತಾಂತರ ಆದದ್ದು ಎಂದು? ಬಿಲ್ ಪಾವತಿ ಎಷ್ಟು? (ಹಳ್ಳಿವಾರು ವಿವರ ನೀಡುವುದು.) ಆ ಕೊನೆಯ ಕಂಸವೇ ಮುಖ್ಯ ಎಂದರು ಅವರು.

ಇದನ್ನು ಬೇಕಂತಲೇ ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಹಾಕಿದೆ. ಚುಕ್ಕೆ ಗುರುತಿನದಾದರೆ ಸಚಿವರು ಎದ್ದು ಉತ್ತರಿಸುತ್ತಾರೆ, ನಾವು ಉಪಪ್ರಶ್ನೆ ಕೇಳಬಹುದು, ಟೀವಿಯಲ್ಲೂ ಬರಬಹುದು. ಆದರೆ ನನಗೆ ಬೇಕಿದ್ದದ್ದು ಕಾಗದ. ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಯಾರೂ ಚಪ್ಪಾಳೆ ತಟ್ಟಲ್ಲ, ಪಕ್ಷದವರೂ ಓದಲ್ಲ.

ಈ ಸಲ "ಅನುಬಂಧದಲ್ಲಿ ಒದಗಿಸಿದೆ" ಅಂತ ಬಂತು. ಅನುಬಂಧ ತೆಗೆದರೆ ಹಳ್ಳಿ ಹೆಸರು, ಬಿಲ್ ಮೊತ್ತ ಎಲ್ಲ ಇದೆ. ನೀರು ಬಿಟ್ಟ ತಾರೀಕಿನ ಕಾಲಂನಲ್ಲಿ ಸುಮಾರು ಕಡೆ ಬರೀ ಗೀಟು. ಅಜ್ಜಿಯ ಊರಿನ ಮುಂದೆ ಮಾತ್ರ ತಾರೀಕೂ ಇತ್ತು!

ಇಲಾಖೆಗಳ ಕೆಲಸದ ಪ್ರಗತಿ ನೋಡುವ ತಾಲ್ಲೂಕಿನ ಕೆಡಿಪಿ ಸಭೆಗೆ ಅದೇ ಹಾಳೆಯ ಜೆರಾಕ್ಸ್ ಮಾಡಿಸಿಕೊಂಡು ಹೋದೆ. ಆ ಸಭೆಗೆ ಶಾಸಕನೇ ಅಧ್ಯಕ್ಷ. ಬೈಯಲಿಲ್ಲ. "ಇದು ನೀವೇ ಸದನಕ್ಕೆ ಕೊಟ್ಟ ಉತ್ತರ ಅಲ್ವಾ? ಬನ್ನಿ, ಆ ಊರಿಗೆ ಹೋಗಿ ನಲ್ಲಿ ತಿರುಗಿಸೋಣ" ಅಂದೆ, ಅಷ್ಟೇ. ಎಂಜಿನಿಯರ್ ಮುಖ ನೋಡಬೇಕಿತ್ತು. ಬೀದಿಯಲ್ಲಿ ಕೂಗಾಡಿದರೆ ಅಧಿಕಾರಿಗಳು ಹೆದರಲ್ಲ. ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ, ಮಾತು ಬರುತ್ತದೆ ಅನ್ನೋದು ಅವರಿಗೂ ಗೊತ್ತು.

ವಾರದೊಳಗೆ ಮೋಟರ್ ಬಂತು. ಊರಿನ ಕೆಳಗಿನ ಕೇರಿಗಳಿಗೆ ನೀರು ಹರಿಯಿತು. ಅಜ್ಜಿ ಇರುವ ಕೇರಿ ದಿಬ್ಬದ ಮೇಲಿದೆ, ಅಲ್ಲಿಗೆ ಇನ್ನೂ ಏರಿಲ್ಲ. ಮುಂದಿನ ಅಧಿವೇಶನಕ್ಕೆ ಪ್ರಶ್ನೆ ಬರೆದಿಟ್ಟಿದ್ದೇನೆ: ಮೋಟರ್ ಎಷ್ಟು ಎಚ್‌ಪಿ, ಟ್ಯಾಂಕ್ ಎಷ್ಟು ಎತ್ತರದಲ್ಲಿದೆ, ದಿಬ್ಬದ ಎತ್ತರ ಅಳೆದವರು ಯಾರು?