ತಾಜಾ ಬಂಗುಡೆಯೂ ಹೊಳೆದುಬಿಟ್ಟಿತು

ಕೆಟ್ಟ ಮೀನು ಹೊಳೆಯಬೇಕು, ತಾಜಾ ಮೀನು ಕತ್ತಲಾಗಿರಬೇಕು. ಮೀನಿನಲ್ಲಿ ಹಿಸ್ಟಮಿನ್ ಎಂಬ ವಿಷ ಪತ್ತೆಮಾಡಲು ಹೊರಟ ನನ್ನ ಲೆಕ್ಕ ಇಷ್ಟೇ ಇತ್ತು. ಆದರೆ ಚಿಕ್ಕಮಗಳೂರಿನ ಮಾರ್ಕೆಟ್‌ನಿಂದ ಐಸ್ ಸಮೇತ ತಂದ ಬಂಗುಡೆಯ ರಸವೂ ಯುವಿ ಟಾರ್ಚಿಗೆ ನೀಲಿಯಾಗಿ ಮಿನುಗಿತು.

ಈ ಉಸಾಬರಿ ಶುರುವಾದದ್ದು ಮನೆಯ ಒಂದು ಊಟದಿಂದ. ಮೀನುಸಾರು ಉಂಡ ಅರ್ಧ ಗಂಟೆಗೆ ಮೂವರಿಗೂ ಮುಖ ಕೆಂಪಾಗಿ ತಲೆ ಸಿಡಿಯತೊಡಗಿತು. ಅಲರ್ಜಿಯೆಂದರೆ ಮೂವರಿಗೂ ಒಟ್ಟಿಗೇ ಬರುತ್ತದೆಯೇ? ಬಂಗುಡೆ, ಬೂತಾಯಿಯ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಐಸ್ ಕರಗಿ ಮೀನು ಬೆಚ್ಚಗಾದರೆ ಬ್ಯಾಕ್ಟೀರಿಯಾಗಳು ಅದನ್ನು ಅಲರ್ಜಿಯಂಥದೇ ತೊಂದರೆ ಕೊಡುವ ಹಿಸ್ಟಮಿನ್ ಮಾಡುತ್ತವೆ. ಅದು ಕುದಿಸಿದರೂ ಹೋಗದು, ಮೂಗಿಗೂ ಸಿಗದು.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಹಿಸ್ಟಮಿನ್ ಅನ್ನು ಬೆಳಕಿನಿಂದ ಹಿಡಿಯಲು ಹೊಳೆಯುವ ನ್ಯಾನೊಕಣಗಳನ್ನು, ಅಂದರೆ ಅತಿಸಣ್ಣ ಕಣಗಳನ್ನು, ಮೊದಲು ಕಾಫಿ ಚರಟದಿಂದ ಮಾಡಿದೆ, ಈ ಊರಲ್ಲಿ ಅದಕ್ಕೇನು ಬರ! ಬೆಳಕು ಮಂಕಾಗಿತ್ತು. ಆಮೇಲೆ ಸಿಟ್ರಿಕ್ ಆಮ್ಲಕ್ಕೆ ಎಥಿಲೀನ್‌ಡೈಅಮೀನ್ ಬೆರೆಸಿ, ಟೆಫ್ಲಾನ್ ಬಟ್ಟಲಿನ, ಕುಕ್ಕರ್‌ನಂತೆ ಒತ್ತಡ ತಡೆಯುವ ಆಟೋಕ್ಲೇವ್‌ನಲ್ಲಿ 200 ಡಿಗ್ರಿಗೆ 5 ಗಂಟೆ ಇಟ್ಟೆ. ಸಿಕ್ಕ ಕಾರ್ಬನ್ ಡಾಟ್‌ಗಳು, ಅಂದರೆ ಇಂಗಾಲದ ನ್ಯಾನೊಕಣಗಳು, 365 ನ್ಯಾನೊಮೀಟರ್ ಯುವಿ ಬೆಳಕಿಗೆ ಕಣ್ಣು ಕುಕ್ಕುವ ನೀಲಿ. ಅದಕ್ಕೆ ತಾಮ್ರದ ಸಲ್ಫೇಟ್ ಹಾಕಿದೆ, ಅಂದರೆ ತೋಟದವರು ಬೋರ್ಡೋ ದ್ರಾವಣಕ್ಕೆ ಬಳಸುವ ಅದೇ ಮೈಲುತುತ್ತ. ತಾಮ್ರ ಕಣಗಳಿಗೆ ಅಂಟಿದರೆ ಹೊಳಪು ಆರುತ್ತದೆ. ಹಿಸ್ಟಮಿನ್ ಬಂದು ತಾಮ್ರವನ್ನು ಕಿತ್ತುಕೊಂಡರೆ ಮತ್ತೆ ಹೊತ್ತಿಕೊಳ್ಳುತ್ತದೆ. ತಾಮ್ರ ಹೆಚ್ಚಾದರೆ ಹಿಸ್ಟಮಿನ್ ಸೋಲುತ್ತದೆ, ಕಡಿಮೆಯಾದರೆ ದೀಪ ಆರುವುದೇ ಇಲ್ಲ. ಹದ ಸಿಗಲು ಒಂದು ವಾರ ಹಿಡಿಯಿತು.

ಹಾಗಿದ್ದರೆ ತಾಜಾ ಮೀನು ಹೊಳೆದದ್ದೇಕೆ? ಹಿಸ್ಟಿಡಿನ್‌ನಲ್ಲೂ ಹಿಸ್ಟಮಿನ್‌ನದೇ ಇಮಿಡಜೋಲ್ ಉಂಗುರ, ಅಂದರೆ ತಾಮ್ರ ಹಿಡಿಯುವ ಭಾಗ, ಇದೆ, ತಾಮ್ರ ಕಂಡರೆ ಅದೂ ಬಿಡುವುದಿಲ್ಲ. ಇದು ಮೊದಲೇ ಹೊಳೆಯಬೇಕಿತ್ತು ನನಗೆ. ಕೊನೆಗೆ ಹಳೇ ಉಪಾಯಕ್ಕೇ ಶರಣಾದೆ. ಟ್ರೈಕ್ಲೋರೋ ಅಸಿಟಿಕ್ ಆಮ್ಲದಿಂದ ಪ್ರೋಟೀನನ್ನು ಹಾಲಿನಂತೆ ಒಡೆಸಿ ಸೋಸಿ, ಕರಗುವಷ್ಟೂ ಉಪ್ಪು ತುಂಬಿ, ಕ್ಷಾರ ಹಾಕಿ ಬ್ಯೂಟನಾಲ್ ಎಂಬ ದ್ರಾವಕದ ಜೊತೆ ಕುಲುಕಿದೆ. ಹಿಸ್ಟಮಿನ್ ಮೇಲಿನ ಬ್ಯೂಟನಾಲ್‌ಗೆ ಏರುತ್ತದೆ, ಹಿಸ್ಟಿಡಿನ್ ಉಪ್ಪುನೀರಲ್ಲೇ ಉಳಿಯುತ್ತದೆ. ಮೇಲಿನ ಪದರಕ್ಕೆ ಹೆಪ್ಟೇನ್ ಸೇರಿಸಿ, ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಿಸ್ಟಮಿನ್ ಇಳಿಸಿಕೊಂಡು, ಆಮ್ಲ ತಟಸ್ಥ ಮಾಡಿ ಪರೀಕ್ಷೆಗಿಟ್ಟೆ. ಬ್ಯೂಟನಾಲ್ ವಾಸನೆಗಿಂತ ಮೀನಿನದೇ ವಾಸಿ.

ಈ ಸಲ ಐಸ್‌ನಲ್ಲಿಟ್ಟ ತುಂಡು ಕತ್ತಲು. 30 ಡಿಗ್ರಿಯಲ್ಲಿ ಒಂದು ದಿನ ಬಿಟ್ಟದ್ದು ಹೊಳೆಯಿತು. ಅದರದೇ ಇನ್ನೊಂದು ಚೂರನ್ನು ಕಾವಲಿಯಲ್ಲಿ ಹುರಿದು ನೋಡಿದೆ, ಅದೂ ಹೊಳೆಯಿತು.

"ಸಾರ್, ಘಮ್ ಅಂತಿದೆಯಲ್ಲ!" ಅಂದ ಅಟೆಂಡರ್.

"ಮುಟ್ಟಬೇಡ ಮಾರಾಯ," ಅಂದೆ.

ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿಯಾದ ಕಿಲೋಗೆ 200 ಮಿಲಿಗ್ರಾಂ ಹಿಸ್ಟಮಿನ್ ಬೆರೆಸಿದ ಮಾದರಿ ಬರಿಗಣ್ಣಿಗೇ ತಿಳಿಯಿತು. 50ಕ್ಕೂ 100ಕ್ಕೂ ವ್ಯತ್ಯಾಸ ಹೇಳಲು ಮಾತ್ರ ಹೊಳಪು ಅಳೆಯುವ ಫ್ಲೋರಿಮೀಟರ್ ಬೇಕೇ ಬೇಕಾಯಿತು. ಮೀನು ಕೊಯ್ದಲ್ಲಿಂದ ಉತ್ತರ ಸಿಗುವವರೆಗೆ ಎರಡು ಗಂಟೆ. ಅಷ್ಟರಲ್ಲಿ ಕರಾವಳಿಯಿಂದ ಚಾರ್ಮಾಡಿ ಘಾಟಿ ಹತ್ತಿ ಬಂದ ಮೀನಿನ ಗಾಡಿ ಖಾಲಿಯಾಗಿ, ವಾಪಸ್ ಕೊಟ್ಟಿಗೆಹಾರ ದಾಟಿರುತ್ತದೆ.