ಖರ್ಚಿನ ಹಾಳೆಯಲ್ಲಿ ಅಣ್ಣನ ಹೆಸರು

ಜನ ಗುಂಪು ಗುಂಪಾಗಿ ಹಿಂದೆ ಬರುತ್ತಿದ್ದಾಗ ಯೇಸು ಅವರನ್ನು ಹುರಿದುಂಬಿಸಲಿಲ್ಲ. ತಿರುಗಿ ನಿಂತು, ನನ್ನ ಶಿಷ್ಯರಾಗಲು ಏನೇನು ಬಿಡಬೇಕಾಗುತ್ತದೆ ಅಂತ ಮೊದಲು ಕೂತು ಲೆಕ್ಕ ಹಾಕಿ ಎಂದನು. ಗೋಪುರ ಕಟ್ಟುವವನು ಖರ್ಚು ನೋಡಿಕೊಳ್ಳುವುದಿಲ್ಲವೇ? ಬೈಬಲಿನಲ್ಲಿ ಲೂಕನ ಸುವಾರ್ತೆಯ 14ನೇ ಅಧ್ಯಾಯ ಓದಿದ ಮೇಲೆ ನಾನೂ ಒಂದು ಹಾಳೆ ತೆಗೆದುಕೊಂಡು ಕೂತೆ.

ಸಮಯ, ಜನರ ಮಾತು, ಕಾಣಿಕೆ ಎಲ್ಲ ಬೇಗ ಬರೆದೆ. ಶಿಲುಬೆ ಹೊರುವುದು ಅಂದರೆ ನನಗೆ ನೆನಪಾಗುತ್ತಿದ್ದವರು ಹಿಟ್ಲರನನ್ನು ವಿರೋಧಿಸಿದ ಜರ್ಮನ್ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್. 1939ರಲ್ಲಿ ಅಮೆರಿಕದಲ್ಲೇ ಉಳಿಯಬಹುದಿತ್ತು, ಜರ್ಮನಿಗೆ ಮರಳಿದರು. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು. ಆದರೆ ಲೂಕ 9:23ರಲ್ಲಿ ಶಿಲುಬೆಯನ್ನು 'ದಿನದಿನವೂ' ಹೊರಬೇಕು ಅಂತಿದೆ. ದಿನದಿನವೂ ನನ್ನನ್ನು ಕಾಡುತ್ತಿದ್ದವನು ಅಣ್ಣ.

ಆಸ್ತಿ ಪಾಲಾದಾಗಿನಿಂದ ನಮಗೆ ಮಾತಿರಲಿಲ್ಲ. ನ್ಯಾಯ ನನ್ನ ಕಡೆಗಿತ್ತು, ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಮತ್ತಾಯನ 5ನೇ ಅಧ್ಯಾಯ ಯಾರದು ತಪ್ಪು ಅಂತ ಕೇಳುವುದೇ ಇಲ್ಲ. ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅನ್ನುತ್ತದೆ.

ಮೊದಲು ಹೆಂಡತಿ ಜೊತೆ ಮಾತಾಡಿದೆ. ನಾನು ಅಣ್ಣನಿಗೆ ಬಿಟ್ಟುಕೊಡಬೇಕು ಅಂದುಕೊಂಡ ಪಾಲಿನಲ್ಲಿ ಅವಳದೂ ಮಕ್ಕಳದೂ ಇತ್ತಲ್ವಾ? ಅವಳನ್ನು ಕೇಳದೆ ನಾನೊಬ್ಬನೇ ತ್ಯಾಗಿ ಆಗಿಬಿಟ್ಟರೆ ಅದು ಶಿಷ್ಯತ್ವ ಅಲ್ಲ. ಅವಳು ಒಪ್ಪಲು ಬಹಳ ದಿನ ಹಿಡಿಯಿತು, ಕಾದೆ. ಆಮೇಲೆ ಅಣ್ಣನಿಗೆ ಹೇಳಬೇಕಾದ್ದನ್ನು ಬರೆದೆ. 'ಆದರೆ' ಇದ್ದ ವಾಕ್ಯಗಳನ್ನೆಲ್ಲ ಹೊಡೆದು ಹಾಕಿದೆ. ಉಳಿದಿದ್ದು ಎರಡೇ ಸಾಲು.

ಅಣ್ಣನ ಮನೆಗೆ ಹೋದೆ. ಅವನು ಬಾಗಿಲಲ್ಲೇ ಕೇಳಿದ, "ಪಾಲು ಕೇಳೋಕೆ ಬಂದ್ಯಾ?"

"ಇಲ್ಲಣ್ಣ. ನಿನ್ನ ನೋಡೋಕೆ ಬಂದೆ. ಪಾಲಿನ ಮಾತು ಇನ್ನು ಎತ್ತಲ್ಲ."

ಅವನು ನಂಬಲಿಲ್ಲ. ಒಳಗೆ ಕರೆದದ್ದು ಎಷ್ಟೋ ಭೇಟಿಗಳ ನಂತರ. ಕ್ಷಮೆ ಕೇಳಲಿಲ್ಲ, ನಾನೂ ಅದಕ್ಕೆ ಕಾಯಲಿಲ್ಲ. ಹೊಡೆದು ಬಡಿದು ಹಿಂಸೆ ಕೊಟ್ಟವರ ಮನೆಗೆ ವಾಪಸ್ ಹೋಗಿ ಅಂತ ಮಾತ್ರ ನಾನು ಯಾರಿಗೂ ಹೇಳಲಾರೆ. ನನ್ನದು ಬರೀ ಸೊತ್ತಿನ ಜಗಳ.

ಆ ದುಡ್ಡು ಮತ್ತೆ ಬರಲಿಲ್ಲ. ಮಗಳ ಓದಿಗೆ ಸಾಲ ಮಾಡಿದೆವು. ಕಂತು ಕಟ್ಟುವ ದಿನ ಇಬ್ಬರೂ ಕೂತು ಅಣ್ಣನಿಗಾಗಿ ಪ್ರಾರ್ಥನೆ ಮಾಡುತ್ತೇವೆ. ಅವನ ಮೇಲೆ ಜಾಸ್ತಿ ಸಿಟ್ಟು ಬರುವುದೂ ಅವತ್ತೇ. ಅದಕ್ಕೇ ಆ ದಿನವನ್ನೇ ಇಟ್ಟುಕೊಂಡಿದ್ದೇವೆ.